ನಾಯಿಯ ಚರ್ಮದ ಗಡ್ಡೆ ತೆಗೆಸುವ ಮುನ್ನ: ಮನೆಯವರು ಮಾಡಿಕೊಳ್ಳಬೇಕಾದ ತಯಾರಿ

ಗಡ್ಡೆ ತೆಗೆಸೋಣ ಅಂತ ತೀರ್ಮಾನವಾದ ಕೂಡಲೇ ಮನೆಯವರು ಕೇಳುವುದು ಎರಡು ಪ್ರಶ್ನೆ: ಯಾವತ್ತು, ಎಷ್ಟಾಗುತ್ತೆ. ಅವೆರಡಕ್ಕೂ ಮೊದಲು ಕೇಳಬೇಕಾದ್ದು ಒಂದಿದೆ: ಇದು ಯಾವ ಗಡ್ಡೆ? ಕೊಬ್ಬಿನ ಗಂಟಾದರೆ ಅದನ್ನಷ್ಟೇ ಬಿಡಿಸಿ ತೆಗೆದರೆ ಸಾಕು. ಮಾಸ್ಟ್ ಸೆಲ್ ಗಡ್ಡೆಯಾದರೆ (ಚರ್ಮದ ಒಂದು ಬಗೆಯ ಕ್ಯಾನ್ಸರ್) ಸುತ್ತಲಿನ ಒಳ್ಳೆಯ ಚರ್ಮವನ್ನೂ 2ರಿಂದ 3 ಸೆಂ.ಮೀ. ಸೇರಿಸಿ, ಅಡಿಯ ಒಂದು ಪೊರೆಯ ಸಮೇತ ತೆಗೆಯಬೇಕಾಗುತ್ತದೆ. ಲೆಕ್ಕ ಹಾಕಿ: 4 ಸೆಂ.ಮೀ. ಗಂಟಿಗೆ ಎರಡೂ ಕಡೆ 3 ಸೆಂ.ಮೀ. ಸೇರಿಸಿದರೆ 10 ಸೆಂ.ಮೀ. ಅಗಲದ ಗಾಯ. ಯಾವುದೆಂದು ತಿಳಿಯದೆ ಗಂಟನ್ನಷ್ಟೇ ಕಿತ್ತು, ಅಂಚಿನಲ್ಲಿ ಕಣಗಳು ಉಳಿದು ಮತ್ತೆ ಬೆಳೆದರೆ, ಎರಡನೇ ಸಲ ಇನ್ನೂ ಅಗಲಕ್ಕೆ ಕತ್ತರಿಸಬೇಕು. ಮುಂಗಾಲು, ಮೂತಿ, ಬಾಲದ ಬುಡದಂಥ ಕಡೆ ಹೊಲಿಯಲು ಚರ್ಮವೇ ಸಿಗುವುದಿಲ್ಲ. ಪೂರ್ತಿ ಗುಣವಾಗುವ ಅವಕಾಶ ಹೆಚ್ಚಿರುವುದು ಮೊದಲ ಆಪರೇಷನ್ನಿನಲ್ಲೇ. ಹಾಗಾಗಿ ತಯಾರಿ ಶುರುವಾಗಬೇಕಾದ್ದು ಸೂಜಿ ಪರೀಕ್ಷೆಯಿಂದ.

ಸೂಜಿ ಪರೀಕ್ಷೆ

1 ಸೆಂ.ಮೀ.ಗಿಂತ ದೊಡ್ಡದಾದ, ಅಥವಾ ಒಂದು ತಿಂಗಳಾದರೂ ಹೋಗದ ಯಾವ ಗಂಟನ್ನೂ ಕೈಯಲ್ಲಿ ಮುಟ್ಟಿ ನೋಡಿ "ಏನಿಲ್ಲ ಬಿಡಿ" ಅನ್ನುವಂತಿಲ್ಲ. ಮೆತ್ತಗೆ ಉರುಳಾಡುವ ಗಂಟೆಲ್ಲ ಕೊಬ್ಬಿನದಲ್ಲ. ಮಾಸ್ಟ್ ಸೆಲ್ ಗಡ್ಡೆಯೂ ಕೈಗೆ ಹಾಗೇ ಸಿಗಬಹುದು. ಡಾಕ್ಟರು 22 ಅಥವಾ 23 ಗೇಜಿನ ತೆಳು ಸೂಜಿ, 5 ಎಂ.ಎಲ್. ಸಿರಿಂಜು ಹಿಡಿದು ಗಂಟಿನೊಳಗಿಂದ ಒಂದಿಷ್ಟು ಕಣಗಳನ್ನು ಎಳೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಮತ್ತಿನ ಮದ್ದು ಬೇಕಿಲ್ಲ; ನಾಯಿಗೆ ಲಸಿಕೆ ಚುಚ್ಚಿದಷ್ಟೇ ನೋವು.

ಸಿಗುವ ಉತ್ತರದ ಮೇಲೆ ಮುಂದಿನ ದಾರಿಯೇ ಬದಲಾಗುತ್ತದೆ. ಎಳೆಯ ನಾಯಿಯ ತಲೆ, ಕಿವಿ, ಕಾಲಿನ ಮೇಲೆ ಗುಂಡಗೆ ಕೆಂಪಗೆ ಏಳುವ ಹಿಸ್ಟಿಯೋಸೈಟೋಮಾ ಎರಡು ಮೂರು ತಿಂಗಳಲ್ಲಿ ಬಹಳ ಸಲ ತಾನೇ ಕರಗುತ್ತದೆ. ಬೀದಿಯಲ್ಲಿ ಓಡಾಡುವ ನಾಯಿಗಳಲ್ಲಿ ಕಾಣುವ ಟಿ.ವಿ.ಟಿ. ಎಂಬ, ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವ ಗಡ್ಡೆಗೆ ಮುಖ್ಯ ಮದ್ದು ಕತ್ತರಿಯಲ್ಲ, ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಇಂಜೆಕ್ಷನ್. ಬೀಜ ತೆಗೆಸದ ವಯಸ್ಸಾದ ಗಂಡುನಾಯಿಯ ಗುದದ ಸುತ್ತ ಬರುವ ಗಂಟುಗಳಲ್ಲಿ ಹೆಚ್ಚಿನವು ಬೀಜ ತೆಗೆಸಿದ ಮೇಲೆ ಕುಗ್ಗುತ್ತವೆ. ಹೆಣ್ಣುನಾಯಿಯ ಮೊಲೆಯ ಸಾಲಿನಲ್ಲಿರುವ ಗಂಟು ಸಾಮಾನ್ಯವಾಗಿ ಚರ್ಮದ ಗಡ್ಡೆಯಲ್ಲ. ಅದರ ಲೆಕ್ಕಾಚಾರವೇ ಬೇರೆ, ಆ ಸಾಲನ್ನೆಲ್ಲ ತಡವಿ ನೋಡಬೇಕು. ಪಗ್, ಬಾಕ್ಸರ್, ಲ್ಯಾಬ್ರಡಾರ್ ಮೈಮೇಲೆ ಗಂಟು ಕಂಡರೆ ಮೊದಲು ಮಾಸ್ಟ್ ಸೆಲ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಸೂಜಿ ಕೆಲವು ಸಲ ಉತ್ತರ ಕೊಡುವುದಿಲ್ಲ. ಸಾರ್ಕೋಮಾ ಜಾತಿಯ (ಮಾಂಸ, ನಾರಿನಲ್ಲಿ ಹುಟ್ಟುವ ಕ್ಯಾನ್ಸರ್) ಗಟ್ಟಿ ಗಡ್ಡೆಗಳು ಕಣ ಬಿಟ್ಟುಕೊಡುವುದೇ ಕಡಿಮೆ. ಸ್ಲೈಡಿನಲ್ಲಿ ಬರೀ ರಕ್ತ ಬಂದರೆ "ಏನೂ ಇಲ್ಲ" ಎಂದರ್ಥವಲ್ಲ, "ಏನೂ ಸಿಗಲಿಲ್ಲ" ಎಂದಷ್ಟೇ. ಆಗ ಮತ್ತೊಮ್ಮೆ ಚುಚ್ಚಬೇಕು, ಇಲ್ಲವೇ ಚೂರು ತೆಗೆದು ಬಯಾಪ್ಸಿಗೆ (ಲ್ಯಾಬಿನ ತಪಾಸಣೆಗೆ) ಕಳಿಸಬೇಕು.

ಪರೀಕ್ಷೆಗೆ ಮುಂಚೆ ಎರಡು ಕೆಲಸ ಮಾಡಬೇಡಿ. ಮೊದಲನೆಯದು, ತುರಿಕೆಗೆಂದು ಮನೆಯಲ್ಲಿರುವ ವೈಸೋಲೋನ್ ಥರದ ಸ್ಟೀರಾಯ್ಡ್ ಮಾತ್ರೆ ಕೊಡುವುದು. ಗಡ್ಡೆ ಒಂದೆರಡು ವಾರ ಕುಗ್ಗಿ ಆಸೆ ಹುಟ್ಟಿಸುತ್ತದೆ, ಪರೀಕ್ಷೆಯ ಉತ್ತರವನ್ನೂ ಕೆಡಿಸುತ್ತದೆ. ಎರಡನೆಯದು, ಹಿಚುಕುವುದು. ಮಾಸ್ಟ್ ಸೆಲ್ ಗಡ್ಡೆಯ ಕಣಗಳ ತುಂಬ ಹಿಸ್ಟಮಿನ್ ಇರುತ್ತದೆ. ಹಿಚುಕಿದರೆ ಅದು ಹೊರಬಂದು ಸುತ್ತಲೂ ಕೆಂಪಗೆ ಊದುತ್ತದೆ, ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ವಾಂತಿ, ಕಪ್ಪು ಮಲ ಬರಬಹುದು. ಇವತ್ತು ದೊಡ್ಡದು, ನಾಳೆ ಚಿಕ್ಕದು ಅಂತ ಗಾತ್ರ ಬದಲಾಗುವ ಗಂಟು ಕಂಡರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ನರುಳ್ಳಿ ಅಂದುಕೊಂಡು ದಾರ ಬಿಗಿಯುವುದು, ಎಕ್ಕದ ಹಾಲು ಹಚ್ಚುವುದು, ಸುಣ್ಣ ಮೆತ್ತುವುದು ಇವಕ್ಕೆಲ್ಲ ಇಲ್ಲಿ ಜಾಗವಿಲ್ಲ. ಹುಣ್ಣಾಗಿ ಕೀವು ಸೇರಿದ ಗಡ್ಡೆಯನ್ನು ಸ್ವಚ್ಛವಾಗಿ ತೆಗೆಯುವುದು ಎರಡರಷ್ಟು ಕಷ್ಟ.

ಮೈಮೇಲೆ ಎಷ್ಟು ಗಂಟಿವೆ ಎಂಬುದನ್ನು ಮನೆಯಲ್ಲೇ ಎಣಿಸಿ. ಒಂದು ಕಾಗದದ ಮೇಲೆ ನಾಯಿಯ ಚಿತ್ರ ಗೀಚಿ, ಎಡ ಬಲ ಬರೆದು, ಗಂಟಿರುವ ಕಡೆ ಗುರುತು ಹಾಕಿ, ಸ್ಕೇಲಿನಲ್ಲಿ ಉದ್ದ ಅಗಲ ಅಳೆದು ತಾರೀಕಿನ ಜೊತೆ ಬರೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೊ ತೆಗೆಯಿರಿ. ಕೂದಲು ದಟ್ಟವಾಗಿರುವ ನಾಯಿ ಟೇಬಲ್ಲಿನ ಮೇಲೆ ಮಲಗಿದಾಗ ಚಿಕ್ಕ ಗಂಟು ಕಣ್ತಪ್ಪುವುದು ಹೊಸದಲ್ಲ.

ರಕ್ತ, ಎಕ್ಸ್‌ರೇ, ಉಣ್ಣೆಜ್ವರ

ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಯನ್ನು ಖರ್ಚು ಉಳಿಸಲೆಂದು ಬಿಡುವವರಿದ್ದಾರೆ. ನಮ್ಮ ಕಡೆ ಅದು ದುಬಾರಿ ಉಳಿತಾಯ. ಮೈಸೂರು, ಮಂಡ್ಯದ ಹವೆಗೆ ರಕ್ತ ಹೀರುವ ಉಣ್ಣೆ ವರ್ಷವಿಡೀ ಬದುಕುತ್ತದೆ. ದನದ ಕೊಟ್ಟಿಗೆ, ಕಬ್ಬಿನ ಗದ್ದೆ, ನಾಲೆ ಏರಿಯ ಹುಲ್ಲಿನಲ್ಲಿ ಅಡ್ಡಾಡುವ ನಾಯಿಯ ರಕ್ತದಲ್ಲಿ ಉಣ್ಣೆಯಿಂದ ಬರುವ ಎರ್ಲಿಕಿಯಾ ಎಂಬ ರೋಗಾಣು ಸದ್ದಿಲ್ಲದೆ ಕೂತಿರಬಹುದು. ಊಟ ಮಾಡುತ್ತದೆ, ಬಾಲ ಅಲ್ಲಾಡಿಸುತ್ತದೆ, ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿರುತ್ತದೆ. ಆರೋಗ್ಯವಂತ ನಾಯಿಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2ರಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. 50 ಸಾವಿರಕ್ಕಿಂತ ಕೆಳಗಿರುವ ನಾಯಿಯ ಮೇಲೆ ಕತ್ತರಿ ಇಟ್ಟರೆ ರಕ್ತ ನಿಲ್ಲಿಸುವುದೇ ಒಂದು ಯುದ್ಧ. ಯಂತ್ರ ಕಡಿಮೆ ತೋರಿಸಿದರೆ ಸ್ಲೈಡಿನಲ್ಲೂ ಎಣಿಸಲು ಕೇಳಿ. ನಾಯಿಯ ಪ್ಲೇಟ್‌ಲೆಟ್ ಗುಂಪುಗೂಡಿ ಯಂತ್ರವನ್ನು ಮೋಸ ಮಾಡುತ್ತವೆ. ಜ್ವರ ನಿಜವೇ ಆಗಿದ್ದರೆ ಡಾಕ್ಸಿಸೈಕ್ಲಿನ್ ಕೋರ್ಸು ಸಾಮಾನ್ಯವಾಗಿ 28 ದಿನ. ಆತುರವಿಲ್ಲದ ಗಡ್ಡೆಯಾದರೆ ರಕ್ತ ಸುಧಾರಿಸುವ ತನಕ ಕಾಯಬಹುದು. ಹೊಟ್ಟೆಯ ಚರ್ಮದ ಮೇಲೆ, ಒಸಡಿನ ಮೇಲೆ ಕೆಂಪು ಚುಕ್ಕಿ, ಮೂಗಿನಲ್ಲಿ ರಕ್ತ ಕಂಡಿದ್ದರೆ ಕೇಳುವ ತನಕ ಕಾಯದೆ ನೀವೇ ಹೇಳಿ.

ಜೊತೆಗೆ ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಮತ್ತು ಯೂರಿಯಾ, ಲಿವರಿಗೆ ಎ.ಎಲ್.ಟಿ., ಸಕ್ಕರೆ, ಒಟ್ಟು ಪ್ರೋಟೀನು. ವಯಸ್ಸಾದ ನಾಯಿಗೆ ಹೃದಯ ಕೇಳಿಸಿ, ಮರ್ಮರ ಶಬ್ದವಿದ್ದರೆ ಎಕೋ (ಹೃದಯದ ಸ್ಕ್ಯಾನ್). ಸ್ಕ್ಯಾನಿನ ವಿಷಯದಲ್ಲಿ ಎಲ್ಲರಿಗೂ ಎಲ್ಲವೂ ಬೇಡ. ಕೊಬ್ಬಿನ ಗಂಟಿಗೆ ಎದೆಯ ಎಕ್ಸ್‌ರೇ ದಂಡ. ಸಾರ್ಕೋಮಾ ಅಥವಾ ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಕ್ಯಾನ್ಸರ್) ಅನುಮಾನವಿದ್ದರೆ ಎಡ, ಬಲ, ಬೆನ್ನು ಕೆಳಗೆ ಹೀಗೆ ಮೂರು ಎಕ್ಸ್‌ರೇ ಬೇಕು, ಒಂದೇ ತೆಗೆದರೆ ಶ್ವಾಸಕೋಶದ ಕಲೆ ಮರೆಯಾಗಬಹುದು. ಮಾಸ್ಟ್ ಸೆಲ್ ಗಡ್ಡೆ ಶ್ವಾಸಕೋಶಕ್ಕೆ ಹೋಗುವುದು ಅಪರೂಪ. ಅದರಲ್ಲಿ ನೋಡಬೇಕಾದ್ದು ಹತ್ತಿರದ ಲಿಂಫ್ ಗಂಟು, ಹೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ಗುಲ್ಮ (ಸ್ಪ್ಲೀನ್) ಮತ್ತು ಲಿವರ್. ಲಿಂಫ್ ಗಂಟು ಊದಿರದಿದ್ದರೂ ಅದರಿಂದ ಸೂಜಿಯಲ್ಲಿ ಕಣ ತೆಗೆಯಬಹುದೇ ಎಂದು ಕೇಳಿ.

ಡಾಕ್ಟರಿಗೆ ಕೇಳಬೇಕಾದ್ದು, ಹೇಳಬೇಕಾದ್ದು

ಗಂಟಿನ ಸುತ್ತ ಎಷ್ಟು ಅಂಚು ಸೇರಿಸಿ ತೆಗೆಯುತ್ತೀರಿ? ಮತ್ತಿನ ಮದ್ದು ಕೊಡುವುದು ಇಂಜೆಕ್ಷನ್ನಿನಲ್ಲೋ, ಗ್ಯಾಸಿನಲ್ಲೋ? ಗಂಟಲಿಗೆ ಟ್ಯೂಬ್ ಹಾಕುತ್ತೀರಾ, ಡ್ರಿಪ್ ಇರುತ್ತಾ, ಕತ್ತರಿ ಹಿಡಿದವರನ್ನು ಬಿಟ್ಟು ಉಸಿರು, ಆಕ್ಸಿಜನ್, ಹೃದಯ ನೋಡಿಕೊಳ್ಳಲು ಇನ್ನೊಬ್ಬರಿರುತ್ತಾರಾ? ಇಷ್ಟು ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಚಿಕ್ಕ ಗಂಟಿಗೆ ಇಂಜೆಕ್ಷನ್ ಮತ್ತೇ ಸಾಕಾಗಬಹುದು. ದೊಡ್ಡ ಗಡ್ಡೆ, ವಯಸ್ಸಾದ ನಾಯಿ, ಒಂದು ಗಂಟೆ ಹಿಡಿಯುವ ಕೆಲಸ ಅಂದರೆ ಗ್ಯಾಸ್ ಮತ್ತು ಟ್ಯೂಬ್ ಇರುವ ಕಡೆಗೇ ಹೋಗುವುದು ವಾಸಿ. ಮುಧೋಳದಂಥ ತೆಳುಮೈ ನಾಯಿಗಳ ಮೈಯಲ್ಲಿ ಕೊಬ್ಬು ಕಮ್ಮಿ. ಥಯೋಪೆಂಟೋನ್ ಥರದ ಮದ್ದು ಅವಕ್ಕೆ ಬೇಗ ಇಳಿಯುವುದಿಲ್ಲ. ಪಗ್‌ಗೆ ತೊಂದರೆ ಬರುವುದು ಟ್ಯೂಬ್ ತೆಗೆದ ಮೇಲೆ: ಪೂರ್ತಿ ಎಚ್ಚರವಾಗಿ ತಲೆ ಎತ್ತಿ ಕೂರುವ ತನಕ ಆಸ್ಪತ್ರೆಯಲ್ಲೇ ಇರಲಿ. ಮಾಸ್ಟ್ ಸೆಲ್ ಆದರೆ ಅವಿಲ್ ಥರದ ಅಲರ್ಜಿ ಮದ್ದು, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ಯಾವಾಗಿನಿಂದ, ಎಷ್ಟು ಎಂದು ಬರೆಸಿಕೊಳ್ಳಿ.

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರಿಗೆ ಹತ್ತಿರದಲ್ಲಿ ಇಷ್ಟು ಅನುಕೂಲ ಸಿಗದಿದ್ದರೆ ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ., ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸುಮಾರು 100 ಕಿ.ಮೀ. ಚಿಕ್ಕ ಗಂಟನ್ನು ಊರಲ್ಲೇ ತೆಗೆಸಿ, ಕಷ್ಟದ್ದನ್ನು ಅಲ್ಲಿಗೆ ಒಯ್ಯಬಹುದು. ಬೈಕು, ಆಟೊಗಳಿಗೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಪ್ರವೇಶವಿಲ್ಲ. ಗೂಡ್ಸ್ ಆಟೊದಲ್ಲಿ ನಾಯಿಯನ್ನು ತರುವವರು ಸರ್ವೀಸ್ ರಸ್ತೆಯ ಹೊತ್ತು ಸೇರಿಸಿಯೇ ಮನೆ ಬಿಡಬೇಕು.

ನಾಯಿಗೆ ಕೊಡುತ್ತಿರುವ ಎಲ್ಲ ಮದ್ದಿನ ಪಟ್ಟಿ ಒಯ್ಯಿರಿ. ಮೆಡಿಕಲ್ ಸ್ಟೋರಿನಿಂದ ತಂದು ಹಾಕಿದ ಮಾತ್ರೆ, ನಾಟಿ ಮದ್ದು, ಉಣ್ಣೆಯ ಮಾತ್ರೆ ಎಲ್ಲವೂ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅದನ್ನು ಒಂದು ವಾರಕ್ಕೂ ಮುಂಚೆ ನಿಲ್ಲಿಸಬೇಕಾಗುತ್ತದೆ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಹಾಗಂತ ಬಹಳ ದಿನದಿಂದ ಕೊಡುತ್ತಿರುವ ಸ್ಟೀರಾಯ್ಡನ್ನು ನೀವೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಮನುಷ್ಯರ ನೋವಿನ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಡೈಕ್ಲೊಫೆನಾಕ್, ಕಾಂಬಿಫ್ಲಾಮ್‌ನಲ್ಲಿರುವ ಐಬುಪ್ರೊಫೇನ್ ಎರಡೂ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ. ನಾಯಿಗೂ ಬಳಸುವ ಮೆಲಾಕ್ಸಿಕಾಮ್ ಕೂಡ ಹಾಗೇ: ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಅಂದರೆ 10 ಕೆ.ಜಿ. ನಾಯಿಗೆ ದಿನಕ್ಕೆ 1 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಮನುಷ್ಯರ ಮಾತ್ರೆ 7.5 ಅಥವಾ 15. 7.5ರ ಒಂದು ಮಾತ್ರೆ ನುಂಗಿಸಿದರೂ ಏಳೂವರೆ ಪಟ್ಟು.

ಖರ್ಚಿನ ಅಂದಾಜು ಕೇಳುವಾಗ ಪರೀಕ್ಷೆ, ಮತ್ತಿನ ಮದ್ದು, ಆಪರೇಷನ್, ಬಯಾಪ್ಸಿ, ಡ್ರೆಸ್ಸಿಂಗು, ಮದ್ದು ಬೇರೆ ಬೇರೆ ಬರೆಸಿಕೊಳ್ಳಿ. ಬಯಾಪ್ಸಿ ಸಾಲು ಅಲ್ಲಿ ಇಲ್ಲದಿದ್ದರೆ ಅಲ್ಲೇ ಕೇಳಿ.

ದಿನ ಗೊತ್ತು ಮಾಡುವುದು

ಆಪರೇಷನ್ ಆದ ಮೊದಲ ಮೂರು ದಿನ ಒಬ್ಬರು ಮನೆಯಲ್ಲೇ ಇರಬೇಕು, ಹೊಲಿಗೆ ಬಿಚ್ಚುವ 10ರಿಂದ 14ನೇ ದಿನದ ತನಕ ಮನೆಯಲ್ಲಿ ಗದ್ದಲ ಇರಬಾರದು. ಮದುವೆ, ಊರಹಬ್ಬ ನೋಡಿಕೊಳ್ಳಿ. ದೀಪಾವಳಿಯ ಪಟಾಕಿಗೆ ಹೆದರಿ ಮಂಚದಡಿ ನುಗ್ಗುವ ನಾಯಿ ಹೊಲಿಗೆ ಹರಿದುಕೊಳ್ಳುತ್ತದೆ. ಮೈಸೂರಿನವರಿಗೆ ದಸರಾ ಇನ್ನೊಂದು ತಲೆನೋವು: ಆನೆಗಳಿಗೆ ಅಭ್ಯಾಸ ಮಾಡಿಸಲು ಮೊದಲೇ ಕುಶಾಲತೋಪು ಹಾರಿಸುತ್ತಾರೆ, ಜಂಬೂಸವಾರಿ ದಿನ ಅರಮನೆ ಸುತ್ತಲಿನ ರಸ್ತೆ ಬಂದ್. ಅವತ್ತೇ ರಕ್ತ ಸೋರಿದರೆ ಆಸ್ಪತ್ರೆ ಮುಟ್ಟುವುದು ಹೇಗೆ? ಮಳೆಗಾಲದಲ್ಲಿ ನೊಣದ ಕಾಟ, ಗಾಯದಲ್ಲಿ ಹುಳ ಬೀಳುವುದು ಅದೇ ಹೊತ್ತಿನಲ್ಲಿ. ಏಪ್ರಿಲ್ ಬಿಸಿಲಿಗೆ ಬೆಳಗಿನ ಮೊದಲ ಹೊತ್ತನ್ನೇ ಕೇಳಿ. ಇಷ್ಟೆಲ್ಲ ಹೇಳಿದರೂ, ಬೇಗ ಬೆಳೆಯುವ ಮಾಸ್ಟ್ ಸೆಲ್ ಗಡ್ಡೆಗೆ ಹಬ್ಬದ ಲೆಕ್ಕ ಬೇಡ.

ಮನೆಯ ತಯಾರಿ

ಕೊರಳಿಗೆ ಹಾಕುವ ಕೋನನ್ನು ಮೂರು ನಾಲ್ಕು ದಿನ ಮುಂಚೆಯೇ ತಂದು ಅಭ್ಯಾಸ ಮಾಡಿಸಿ. ಮೊದಲು ಐದು ನಿಮಿಷ, ಆಮೇಲೆ ಊಟದ ಹೊತ್ತು, ಆಮೇಲೆ ರಾತ್ರಿ. ಅಂಚು ಮೂಗಿನ ತುದಿಗಿಂತ ಮೂರು ನಾಲ್ಕು ಸೆಂ.ಮೀ. ಮುಂದಿರಬೇಕು, ಕೊರಳ ಹತ್ತಿರ ಎರಡು ಬೆರಳು ಹೋಗಬೇಕು. ಚಿಕ್ಕ ಕೋನ್ ಕೊಂಡು ಮೋಸಹೋಗುವವರೇ ಹೆಚ್ಚು: ಹಿಂಗಾಲಿನ ಹೊಲಿಗೆಗೆ ನಾಲಿಗೆ ಸಲೀಸಾಗಿ ತಲುಪುತ್ತದೆ, ಒಂದು ರಾತ್ರಿ ನೆಕ್ಕಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಎದೆ, ಪಕ್ಕೆಯ ಗಾಯಕ್ಕೆ ಹಳೆ ಕಾಟನ್ ಟೀ ಶರ್ಟೂ ಆಗುತ್ತದೆ, ಆದರೆ ಒದ್ದೆಯಾದ ಕೂಡಲೇ ಬದಲಿಸಬೇಕು.

ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದ ಮೇಲೆ ಮತ್ತಿಳಿಯದ ನಾಯಿ ಕಾಲು ಜಾರಿ ಬಿದ್ದರೆ ಹೊಲಿಗೆಗೆ ಏಟು. ಮಲಗುವ ಕಡೆಯಿಂದ ಬಾಗಿಲ ತನಕ ರಬ್ಬರ್ ಮ್ಯಾಟು ಹಾಸಿ. ಹಾಸಿಗೆಗೆ ಗೋಣಿಚೀಲ ಬೇಡ, ಅದರ ನಾರು ಗಾಯಕ್ಕೆ ಅಂಟುತ್ತದೆ. ಒಗೆದ ಹಳೆ ಬೆಡ್‌ಶೀಟು ನಾಲ್ಕೈದು ಇರಲಿ. ಹೊರಗೆ ಕಟ್ಟುವ ನಾಯಿಯನ್ನು ಎರಡು ವಾರ ಒಳಗೆ ತರಬೇಕು. ಆಗದಿದ್ದರೆ ಜಗುಲಿಯ ಮೂಲೆಗೆ ಸೊಳ್ಳೆಪರದೆ ಕಟ್ಟಿ, ನೊಣ ಕೂರದಂತೆ.

ಸ್ನಾನ ಎರಡು ದಿನ ಮುಂಚೆ ಮಾಡಿಸಿ, ಚೆನ್ನಾಗಿ ಒಣಗಿಸಿ. ಆಮೇಲೆ ಹೊಲಿಗೆ ಬಿಚ್ಚುವ ತನಕ ನೀರು ತಾಕುವಂತಿಲ್ಲ. ಗಡ್ಡೆಯ ಸುತ್ತ ಎಣ್ಣೆ, ಅರಿಶಿನ, ಪೌಡರ್ ಏನೂ ಬೇಡ. ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ. ಹಿಂದಿನ ದಿನದ ಸಣ್ಣ ಗೀರುಗಳಲ್ಲಿ ಬೆಳಗಾಗುವಷ್ಟರಲ್ಲಿ ಸೋಂಕು ಕೂತಿರುತ್ತದೆ. ಆ ಕೆಲಸ ಆಸ್ಪತ್ರೆಯ ಕ್ಲಿಪ್ಪರಿನದು.

ಹಿಂದಿನ ರಾತ್ರಿ, ಬೆಳಗ್ಗೆ

ಮತ್ತಿನಲ್ಲಿರುವ ನಾಯಿಗೆ ನುಂಗುವ ಹಿಡಿತ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬೆಳಗ್ಗೆ 9ಕ್ಕೋ 10ಕ್ಕೋ ಆಪರೇಷನ್ ಇದ್ದರೆ ಹಿಂದಿನ ರಾತ್ರಿ 9ರೊಳಗೆ ಊಟ ಮುಗಿಸಿ ಎನ್ನುವುದು ಮಾಮೂಲಿ ಪದ್ಧತಿ. ನಿಮ್ಮ ಡಾಕ್ಟರು ಹೇಳಿದ ಹೊತ್ತೇ ಅಂತಿಮ. ಊಟ ದಿನಕ್ಕಿಂತ ಅರ್ಧದಷ್ಟಿರಲಿ. ಮೂಳೆ, ಕೊಬ್ಬಿನ ಮಟನ್ ಬೇಡ, ಅವು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತವೆ. ಹೊಸದೇನೂ ಬೇಡ, ಅನ್ನ, ಬೇಯಿಸಿದ ಕೋಳಿ ತಿನ್ನುವ ನಾಯಿಗೆ ಅದೇ. ಈರುಳ್ಳಿ ಬಿದ್ದ ಸಾರು ಆ ದಿನವಲ್ಲ, ಯಾವತ್ತೂ ಬೇಡ: ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ನೀರನ್ನು ರಾತ್ರಿಯಿಂದಲೇ ತೆಗೆದಿಡುವುದು ಹಳೇ ಅಭ್ಯಾಸ. ಬೇರೆ ಹೇಳದಿದ್ದರೆ ಹೊರಡುವ ತನಕ ನೀರಿರಲಿ. ಮರಿ, ತೀರ ಪುಟ್ಟ ನಾಯಿ, ಸಕ್ಕರೆ ಕಾಯಿಲೆಯ ನಾಯಿಗೆ ಉಪವಾಸದ ಲೆಕ್ಕ ಬೇರೆ. ಇನ್ಸುಲಿನ್ ಕೊಡುವವರು ಆ ಬೆಳಗಿನ ಡೋಸನ್ನು ಬರೆಸಿಕೊಂಡೇ ಬನ್ನಿ.

ಉಪವಾಸ ಕೆಡುವುದು ಬಹುತೇಕ ಮನೆಯವರ ಕೈಯಿಂದಲೇ. ಅಜ್ಜಿ ಕಾಫಿ ಜೊತೆ ಒಂದು ಬಿಸ್ಕತ್ತು ಎಸೆದಿರುತ್ತಾರೆ, ಹಾಲಿನವನು ಬಂದಾಗ ಮಗು ಒಂದು ಲೋಟ ಹಾಲು ಸುರಿದಿರುತ್ತದೆ. ಅಡುಗೆಮನೆ ಬಾಗಿಲಿಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ತಿಂದದ್ದು ಗೊತ್ತಾದರೆ ಮುಚ್ಚಿಡದೆ ಹೇಳಿ. ದಿನ ಮುಂದೆ ಹೋಗುತ್ತದೆ, ಅಷ್ಟೇ.

ಬೆಳಗ್ಗೆ ಸಣ್ಣ ನಡಿಗೆ, ಉಚ್ಚೆ, ಕಕ್ಕ ಆಗಲಿ. ಪರೀಕ್ಷೆಯ ಕಾಗದ, ಮದ್ದಿನ ಪಟ್ಟಿ, ಗಂಟಿನ ಚಿತ್ರ, ಗಟ್ಟಿ ಬೆಲ್ಟು, ಬಾಯಿಕಟ್ಟು, ಎರಡು ಟವಲು, ಕೋನು ಒಯ್ಯಿರಿ. ಆಸ್ಪತ್ರೆಯಲ್ಲಿ ಆ ದಿನವೇ ತೂಕ ನೋಡಿಸಿ. ತಿಂಗಳ ಹಿಂದಿನ ತೂಕದ ಮೇಲೆ ಮತ್ತಿನ ಮದ್ದು ಲೆಕ್ಕ ಹಾಕಬಾರದು. ಒಳಗೆ ಕಳಿಸುವ ಮುಂಚೆ ಗಡ್ಡೆಯ ಸುತ್ತ ಪೆನ್ನಿನಲ್ಲಿ ಗುರುತು ಹಾಕಿಸಿ, ಹಲವು ಗಂಟಿದ್ದರೆ ಯಾವುದೆಲ್ಲ ಎಂದು ಕೈಯಿಟ್ಟು ತೋರಿಸಿ.

ತೆಗೆದ ಗಡ್ಡೆ

ಈ ಕೆಲಸವೊಂದನ್ನು ಮಾಡದೆ ಬಿಟ್ಟರೆ ಮೇಲಿನ ಖರ್ಚೆಲ್ಲ ಅರ್ಧ ನೀರಿಗೆ. ತೆಗೆದ ಗಡ್ಡೆ ಕಸದ ಬುಟ್ಟಿಗಲ್ಲ, ಲ್ಯಾಬಿಗೆ ಹೋಗಬೇಕು, ಪೂರ್ತಿ. ಚೂರು ಕಳಿಸಿದರೆ ಅಂಚು ನೋಡಲಾಗುವುದಿಲ್ಲ. ಸೂಜಿ ಪರೀಕ್ಷೆ ಹೇಳುವುದು ಗಡ್ಡೆ ಯಾವುದೆಂದು. ಎಷ್ಟು ಕೆಟ್ಟದ್ದು, ಪೂರ್ತಿ ಬಂದಿದೆಯೇ ಎನ್ನುವುದನ್ನು ಬಯಾಪ್ಸಿ ಮಾತ್ರ ಹೇಳುತ್ತದೆ.

ಬೇಕಾದ್ದು 10 ಶೇಕಡಾ ಫಾರ್ಮಲಿನ್ (ಗಡ್ಡೆ ಕೊಳೆಯದಂತೆ ಇಡುವ ದ್ರವ), ಗಡ್ಡೆಯ ಹತ್ತರಷ್ಟು. ನಿಂಬೆ ಗಾತ್ರದ ಗಡ್ಡೆಗೆ ಅರ್ಧ ಲೀಟರಾದರೂ ಬೇಕು, ಆದ್ದರಿಂದ ಹಿಂದಿನ ದಿನವೇ ವಿಚಾರಿಸಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಇರಲಿ: ಚಿಕ್ಕ ಬಾಯಿಯ ಬಾಟಲಿಗೆ ಮೆತ್ತಗಿದ್ದಾಗ ತುರುಕಿದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಫಾರ್ಮಲಿನ್ ಒಳಗಿಳಿಯುವುದು ನಿಧಾನ, ದೊಡ್ಡ ಗಡ್ಡೆಯಾದರೆ ಡಾಕ್ಟರು ಅಡಿಯ ಅಂಚು ಕೆಡದಂತೆ ಒಂದೊಂದು ಸೆಂ.ಮೀ.ಗೆ ಸೀಳು ಹಾಕುತ್ತಾರೆ. ಇಲ್ಲದಿದ್ದರೆ ನಡುಭಾಗ ಕೊಳೆಯುತ್ತದೆ. ತಲೆಯ ಕಡೆಯ ಅಂಚಿಗೆ ಒಂದು ಹೊಲಿಗೆ ಹಾಕಿ ಗುರುತಿಡಲು ಹೇಳಿ. ಎರಡು ಗಡ್ಡೆ ಎರಡು ಡಬ್ಬಿ. ಹೆಸರಿನ ಚೀಟಿ ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೆ. ಸ್ಪಿರಿಟ್, ಉಪ್ಪುನೀರು, ಫ್ರೀಜರ್ ಯಾವುದೂ ಬೇಡ. ಹೆಪ್ಪುಗಟ್ಟಿದ ಕಣ ಒಡೆದುಹೋಗುತ್ತದೆ. ಫಾರ್ಮಲಿನ್ ಹೊಗೆ ಕಣ್ಣು ಮೂಗಿಗೆ ಕೆಟ್ಟದ್ದು, ಡಬ್ಬಿಯನ್ನು ಅಡುಗೆಮನೆಗೆ ತರಬೇಡಿ. ಜೊತೆಯ ಫಾರಂನಲ್ಲಿ ಜಾತಿ, ವಯಸ್ಸು, ಗಡ್ಡೆ ಇದ್ದ ಜಾಗ, ಎಷ್ಟು ದಿನದ್ದು, ಸೂಜಿ ಪರೀಕ್ಷೆಯಲ್ಲಿ ಬಂದದ್ದು ಬರೆದಿರಬೇಕು.

ಮನೆಗೆ ತಂದ ಮೇಲೆ

ಮೊದಲ ರಾತ್ರಿ ತೂರಾಡುವುದು, ನಡುಗುವುದು, ಕುಂಯ್ ಅನ್ನುವುದು ಇದ್ದದ್ದೇ. ಪೂರ್ತಿ ಎಚ್ಚರವಾದ ಮೇಲೆ ಒಂದೊಂದು ಗುಟುಕು ನೀರು, ಆಮೇಲೆ ಕಾಲು ಭಾಗ ಊಟ. ಒಸಡು ಬಿಳಿಚಿಕೊಂಡರೆ, ಬ್ಯಾಂಡೇಜಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮರುದಿನ ಬೆಳಗ್ಗೆಯೂ ಎಬ್ಬಿಸಿದರೆ ಏಳದಿದ್ದರೆ, ವಾಂತಿ ನಿಲ್ಲದಿದ್ದರೆ ಕಾಯಬೇಡಿ. ರಾತ್ರಿ ಹೊತ್ತಿನಲ್ಲಿ ಫೋನ್ ಎತ್ತುವ ನಂಬರನ್ನು ಹೊರಡುವ ಮುಂಚೆಯೇ ಪಡೆದಿರಬೇಕು.

ಹೊಲಿಗೆ ಬಿಟ್ಟುಕೊಳ್ಳುವುದು ಮೂರರಿಂದ ಐದನೇ ದಿನದೊಳಗೆ ಹೆಚ್ಚು, ಅಷ್ಟು ಹೊತ್ತಿಗೆ ನಾಯಿಗೆ ಹುಷಾರಾಗಿ ಓಡುವ ಹುರುಪು ಬಂದಿರುತ್ತದೆ. ಹಗ್ಗದಲ್ಲೇ ನಡೆಸಿ, ಮೆಟ್ಟಿಲು, ಸೋಫಾ ಬೇಡ. ಹೊಲಿಗೆಯ ಕೆಳಗೆ ಮೆತ್ತಗೆ ನೀರು ತುಂಬಿದ ಚೀಲದಂತೆ ಊದಿದರೆ ಅದು ಬಹಳ ಸಲ ಸೀರಂ. ಮನೆಯಲ್ಲಿ ಸೂಜಿ ಚುಚ್ಚಿ ತೆಗೆಯಬೇಡಿ, ತೋರಿಸಿ. ಬಿಸಿಯಾಗಿ, ಕೆಂಪಾಗಿ, ವಾಸನೆ ಬಂದರೆ ಕೀವು.

ರಿಪೋರ್ಟ್ ಬಂದಾಗ "ಕ್ಯಾನ್ಸರಾ, ಅಲ್ವಾ" ಅಂತಷ್ಟೇ ಕೇಳಿ ಎದ್ದು ಬರಬೇಡಿ. ಗ್ರೇಡ್ (ಗಡ್ಡೆ ಎಷ್ಟು ಕೆಟ್ಟದ್ದು ಎಂಬ ಅಳತೆ) ಎಷ್ಟು, ಪಕ್ಕದ ಅಂಚು ಮತ್ತು ಅಡಿಯ ಅಂಚು ಎಷ್ಟು ಮಿಲಿಮೀಟರ್ ಶುದ್ಧವಾಗಿದೆ ಎಂದು ಕೇಳಿ. ಅಂಚಿನಲ್ಲಿ ಕಣ ಉಳಿದಿದೆ ಎಂದಿದ್ದರೆ ಗಡ್ಡೆ ಮತ್ತೆ ಏಳುವ ತನಕ ಕಾಯದೆ, ಹಳೆಯ ಗಾಯದ ಕಲೆಯನ್ನೇ ಅಗಲವಾಗಿ ತೆಗೆಸುವುದೋ, ಬೇರೆ ಚಿಕಿತ್ಸೆಯೋ ಎಂಬುದನ್ನು ಅದೇ ಭೇಟಿಯಲ್ಲಿ ಮಾತಾಡಿ ಮುಗಿಸಿ.